ಕೆಳದನಿಯ ಸಾಲು

ವಿಶ್ವವಿದ್ಯಾಲಯದ ವೃಂದಗಾನ ತಂಡವನ್ನು ಅರ್ಧ ಆಯುಷ್ಯ ನಡೆಸಿದ ಮೇಡಂಗೆ ಹುಡುಗರು ಇಟ್ಟ ಹೆಸರು ಉಸಿರಮ್ಮ. ಪ್ರತಿ ಹಾಡಿಗೂ ಮುಂಚೆ "ಉಸಿರು!" ಎಂದು ಗದರದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಕೇಳಿಸದವರ ಹಾಗೆ ಇದ್ದರು.

ಭಾನುವಾರ ಸಂಜೆ, ಲಾಂಡ್ರಿಯ ಮೇಲಿನ ಹಾಲ್‌ನಲ್ಲಿ, ಬೀದಿಯವರದೇ ಇನ್ನೊಂದು ತಂಡ. ದರ್ಜಿ, ನರ್ಸ್, ಅಂಚೆಯವನು, ಹಿಟ್ಟಿನ ಕೈಯಲ್ಲೇ ಓಡಿಬರುವ ಬೇಕರಿಯವಳು. ಸ್ವರಲಿಪಿಯ ಗಂಧಗಾಳಿಯೂ ಇಲ್ಲದ ಇವರಿಗೆ ಹಾಡು ಕಲಿಸಿದವರೂ ಉಸಿರಮ್ಮನೇ. ಮುಂದಿನ ಸಾಲಿಗೆ ಮೇಲುದನಿಯ ಪಾಲು, ಹಿಂದಿನ ಸಾಲಿಗೆ ಕೆಳದನಿಯದು.

ಇಷ್ಟು ಜನರ ನಡುವೆಯೂ ಅವರು ಒಂಟಿ. ಎದುರು ನಿಂತು ಕೈಯಾಡಿಸಿ ಹಾಡಿಸುವ ಕೆಲಸವೇ ಅಂಥದ್ದು. ಸಭೆಗೆ ಬೆನ್ನು, ಹಾಡುವವರಿಗೆ ಮುಖ, ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ಬಾಯಿ ಆಡಿಸಬಹುದು, ದನಿ ತೆಗೆಯುವಂತಿಲ್ಲ. ಮದುವೆಯ ಗೋಜಿಗೆ ಹೋದವರಲ್ಲ. ಜೊತೆಗಿದ್ದ ಅಕ್ಕನೂ ತೀರಿಕೊಂಡಿದ್ದಳು. ನಿವೃತ್ತಿಯಾದಾಗ ಬೀದಿಯ ತಂಡವನ್ನೂ ತಮ್ಮ ಶಿಷ್ಯನೊಬ್ಬನ ಕೈಗೆ ಕೊಟ್ಟು ಒಂದೇ ಒಂದು ಕೇಳಿದರು.

"ಹಿಂದಿನ ಸಾಲಲ್ಲಿ ನಂಗೊಂದು ಜಾಗ ಕೊಡಪ್ಪ. ಕೆಳದನಿಯವರ ಜೊತೆ ನಿಂತು ಹಾಡ್ತೀನಿ."

ಮೊದಲ ಭಾನುವಾರ ಎಡಕ್ಕೆ ದರ್ಜಿಯ ತೋಳು ತಾಗಿತು, ಬಲಕ್ಕೆ ನರ್ಸಿನದು. ಎರಡೂ ಬೆಚ್ಚಗಿದ್ದವು. ಇನ್ನು ಕಾಲು ನಡೆಯುವವರೆಗೂ ಇಲ್ಲೇ ನಿಲ್ಲುತ್ತೇನೆ ಅಂದುಕೊಂಡರು.

ಕೆಲವು ವಾರಗಳಲ್ಲೇ ಹಾಡು ಎಡವತೊಡಗಿತು. ಮುಂದಿನ ಸಾಲು ಶಿಷ್ಯನ ಕೈ ನೋಡಿ ಎತ್ತಿಕೊಂಡರೆ, ಹಿಂದಿನ ಸಾಲು ಅದಕ್ಕೂ ಚೂರು ಮೊದಲೇ ಹೊರಟುಬಿಡುತ್ತಿತ್ತು. ಶಿಷ್ಯ ನಿಲ್ಲಿಸಿದ, ಮತ್ತೆ ಶುರು ಮಾಡಿಸಿದ. ಮತ್ತೆ ಅದೇ ಕಥೆ.

"ನಂದೇ ತಪ್ಪು ಸರ್. ಕಿವಿಗೆ ತುಕ್ಕು ಹಿಡ್ದಿದೆ," ಎಂದ ದರ್ಜಿ. ಎಲ್ಲರೂ ನಕ್ಕರು.

ಉಸಿರಮ್ಮ ನಗಲಿಲ್ಲ. ಅವರ ಕಿವಿಗೆ ತುಕ್ಕು ಹಿಡಿದಿರಲಿಲ್ಲವಲ್ಲ! ಸಾಲಿಗೆ ಸಾಲೇ ತಮ್ಮ ಜೊತೆ ಉಸಿರೆಳೆಯುತ್ತಿದೆ. ತಮ್ಮ ಭುಜ ಏರಿದರೆ ಹೊರಡಬೇಕು ಎಂದು ಇಷ್ಟು ವರ್ಷ ಕಲಿಸಿದವರು ಯಾರು? ಶಿಷ್ಯನ ಕೈ, ಪಾಪ, ಗಾಳಿಯಲ್ಲಿ ಸುಮ್ಮನೆ ಆಡುತ್ತಿತ್ತು.

ಯಾರ ಕಣ್ಣಿಗೂ ಬೀಳದಿರಲೆಂದು ತಲೆ ತಗ್ಗಿಸಿ ನೋಡಿದರು. ಕೈಗಳನ್ನು ಹಿಂದಕ್ಕೆ ಕಟ್ಟಿ ನೋಡಿದರು. ಸಾಲಿನ ತುದಿಗೆ ಸರಿದರೆ ಇಡೀ ಸಾಲಿನ ಗಮನ ತುದಿಗೆ ವಾಲಿತು. ಉಸಿರಾಡದೆ ಹಾಡುವ ವಿದ್ಯೆ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಶಿಷ್ಯ ಕುರ್ಚಿ ಮಡಚುತ್ತಾ ಅಲ್ಲೇ ಸುಳಿದಾಡಿದ.

"ಏನೋ ಹೇಳ್ಬೇಕು ಅಂತಿದೀಯ. ಹೇಳು, ಯಾಕೆ ನುಂಗ್ತೀಯ?"

"ಏನಿಲ್ಲ ಮೇಡಂ... ಹಿಂದಿನವರು..."

"ನನ್ನ ನೋಡಿ ಹಾಡ್ತಿದಾರೆ. ಅಷ್ಟೇ ತಾನೆ?"

ಅವನು ಇನ್ನೊಂದು ಕುರ್ಚಿ ಮಡಚಿದ.

"ಮುಂದಿನ ವಾರದಿಂದ ಬರಲ್ಲ ಬಿಡು."

"ಅಯ್ಯೋ, ಬರಬೇಡಿ ಅಂತ ನಾನು ಹೇಳ್ತಿಲ್ಲ ಮೇಡಂ."

ಬನ್ನಿ ಎಂದು ಅವನು ಒಂದೇ ಒಂದು ಸಲ ಅಂದಿದ್ದರೆ ಉಸಿರಮ್ಮ ನಾಚಿಕೆ ಬಿಟ್ಟು ಒಪ್ಪಿಬಿಡುತ್ತಿದ್ದರು. ಆದರೆ ಅವನ ಮುಖಕ್ಕೆ ಆಗಲೇ ಜೀವ ಬಂದಿತ್ತು. ಮುಚ್ಚಿಟ್ಟುಕೊಳ್ಳಲು ಒದ್ದಾಡಿದ, ಆಗಲಿಲ್ಲ. ಅವರು ಅವನ ಬೆನ್ನು ತಟ್ಟಿ ಮೆಟ್ಟಿಲಿಳಿದರು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲವೆಂಬುದೇ ಅವರಿಗೆ ಹೆಚ್ಚು ಸಂಕಟವಾಯಿತು.

ಮುಂದಿನ ಭಾನುವಾರ ತಂಡ ಹಾಡುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ಬಿಟ್ಟು, ಕೈ ಒರೆಸಿಕೊಂಡು ನೆಟ್ಟಗೆ ನಿಂತರು. ಕೆಳದನಿಯ ಪಾಲು ಹಾಡಿದರು. ಒಂಟಿಯಾಗಿ ಹಾಡಿದರೆ ಅದು ಹಾಡೇ ಅಲ್ಲ. ಒಂದೇ ಸ್ವರವನ್ನು ಉದ್ದಕ್ಕೆ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ನಡುವೆ ಮೇಲುದನಿಯವರು ಮಾತ್ರ ಹಾಡುವ ಭಾಗ ಬಂತು. ಉಸಿರಮ್ಮ ಬಾಯಿ ಮುಚ್ಚಿ, ತಾಳ ಎಣಿಸುತ್ತಾ, ಅಲ್ಲಿ ಹಾಲ್‌ನಲ್ಲಿ ಅವರೆಲ್ಲ ಮುಗಿಸುವವರೆಗೂ ಕಾದು ನಿಂತರು.