ನಾನ್ನೂರ ಹನ್ನೆರಡರಲ್ಲಿ ಒಂದು

ಸಿಂಬು ಬೆಟ್ಟದ ಆ ಊರಿನಲ್ಲಿ ಮತ ಹಾಕುವುದೆಂದರೆ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬರುವುದು, ಅಷ್ಟೇ. ಚೀಟಿಯ ಮೇಲೆ ಅಭ್ಯರ್ಥಿಯ ಸಂಖ್ಯೆ ಬರೆಯುವ ಕೆಲಸ ಕುಲದ ಹಿರಿಯ ಕೆರೆಂಗಾನದು. ಎಲ್ಲ ಚೀಟಿಯೂ ಅವನ ಚಿಕ್ಕಪ್ಪನ ಮಗ ಗಿಗ್ಮಾಯ್‌ಗೆ.

ಗಿಗ್ಮಾಯ್ ಗೆದ್ದು ರಾಜಧಾನಿ ಮೊರೆಸ್ಬಿಯ ಸಂಸತ್ತಿಗೆ ಹೋಗಿ ಐದು ವರ್ಷವಾಗಿತ್ತು. ಊರಿಗೆ ಬಂದದ್ದು ಒಂದೇ ಸಲ, ಹೆಲಿಕಾಪ್ಟರಿನಲ್ಲಿ. ಅವನು ಮಾತು ಕೊಟ್ಟಿದ್ದ ಆರೋಗ್ಯ ಕೇಂದ್ರಕ್ಕೆ ತಗಡಿನ ಸೂರು ಬಂತು, ದಾದಿ ಬರಲಿಲ್ಲ. ಬೀಗ ಹಾಕಿದ ಅದರ ಬಾಗಿಲ ಮುಂದೆಯೇ ಒಟಿಲಿಯಾಳ ಮಗಳು ಹೆರಿಗೆ ನೋವಿನಲ್ಲಿ ಸತ್ತಳು. ಒಟಿಲಿಯಾ ಕೆರೆಂಗಾನ ತೀರಿಹೋದ ತಮ್ಮನ ಹೆಂಡತಿ.

ಈ ಸಲ ಅವಳು ಚೀಟಿ ಕೊಡಲಿಲ್ಲ.

"ತಾರಮ್ಮ ಇಲ್ಲಿ, ಬರೆದುಕೊಡ್ತೀನಿ" ಎಂದ ಕೆರೆಂಗಾ.

"ನನಗೂ ಅಂಕಿ ಬರೆಯೋಕೆ ಬರುತ್ತೆ ಭಾವ."

"ಓಹೋ, ನಮ್ಮ ಒಟಿಲಿಯಾ ಮೇಡಂ ಆಗಿಬಿಟ್ಳು!" ಎಂದು ಯಾರೋ ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೆರೆಂಗಾನೂ ನಕ್ಕು ಬಿಟ್ಟುಕೊಟ್ಟ.

ಅವಳು ಇಪ್ಪತ್ತೇಳು ಎಂದು ಬರೆದಳು. ಅದು ಆಚೆ ಕಣಿವೆಯ ಮೇಷ್ಟರೊಬ್ಬನ ಸಂಖ್ಯೆ. ಅವನು ನಡೆದೇ ಬಂದು, ಅವಳ ಅಂಗಳದಲ್ಲಿ ಕೂತು, ಸತ್ತವಳ ಹೆಸರೇನೆಂದು ಕೇಳಿದ್ದ.

ಎಣಿಕೆಯಲ್ಲಿ ಒಂದೊಂದು ಪೆಟ್ಟಿಗೆಯ ಲೆಕ್ಕವನ್ನೂ ಬೇರೆಬೇರೆ ಕೂಗುತ್ತಾರೆಂಬುದು ಅವಳಿಗೆ ಹೊಳೆದಿರಲಿಲ್ಲ. ಊರಿನ ಪೆಟ್ಟಿಗೆಯಲ್ಲಿ ಗಿಗ್ಮಾಯ್‌ಗೆ ನಾನ್ನೂರ ಹನ್ನೊಂದು, ಇಪ್ಪತ್ತೇಳಕ್ಕೆ ಒಂದು.

ಮರುದಿನ ಮಧ್ಯಾಹ್ನ ಕುಲವೆಲ್ಲ ಬಯಲಿನಲ್ಲಿ ಸೇರಿತು. ಒಟಿಲಿಯಾಳ ಮೇಲೆ ಯಾರ ಕಣ್ಣೂ ಹೋಗಲಿಲ್ಲ. ಚೀಟಿಯನ್ನು ತಾನೇ ಬರೆದಿದ್ದರೂ, ಎಷ್ಟಾದರೂ ಹಿರಿಯನ ಮನೆಯವಳು, ಅವನ ಮಾತು ಮೀರಿಯಾಳೆಂದು ಯಾರೂ ಎಣಿಸಲಿಲ್ಲ. ಎಲ್ಲರೂ ವೆಮಿನ್ ಕಡೆ ತಿರುಗಿದರು. ಹೋದ ವರ್ಷ ಮದುವೆಯಾಗಿ ಬಂದ ಹುಡುಗಿ, ಮೇಷ್ಟರ ಕುಲದವಳು.

"ತವರಿನ ಋಣ ತೀರಿಸಿದ್ಯೇನೇ?" ಎಂದ ಅವಳ ಗಂಡ. ಕೈಯಲ್ಲಿ ಬೇಲಿಯ ಗೂಟವಿತ್ತು.

"ನನ್ನ ಚೀಟಿ ಬರೆದದ್ದು ದೊಡ್ಡವರೇ ಅಲ್ವಾ? ಕೇಳಿ ಅವರನ್ನೇ!"

ಕೆರೆಂಗಾ ನೆಲ ನೋಡಿದ. ನಾನ್ನೂರು ಚೀಟಿ ಬರೆದವನು ಅವಳದನ್ನೂ ತಾನೇ ಬರೆದೆನೋ ಇಲ್ಲವೋ ಎಂದು ಹೇಗೆ ನೆನಪಿಟ್ಟಾನು? ಒಟಿಲಿಯಾ ಏಳಬೇಕೆಂದುಕೊಂಡಳು, ಆದರೆ ಏಳಲಿಲ್ಲ. ಮೊದಲ ಏಟಿಗೆ ವೆಮಿನ್‌ಳ ಮುಂಗೈ ಮುರಿದ ಸದ್ದು ಕೇಳಿದ ಮೇಲೆ ಎದ್ದು ನಿಂತಳು.

"ಬಿಡೋ ಅವಳನ್ನ! ಬರೆದವಳು ನಾನು."

ಕೆರೆಂಗಾ ಅವಳ ಕಡೆ ತಿರುಗಿ, "ನನ್ನ ಮರ್ಯಾದೆ ತೆಗೆದೆ. ಇನ್ನು ಇಲ್ಲಿ ನಿನ್ನ ತೋಟ ಇಲ್ಲ" ಎಂದ.

"ನನ್ನ ಮಗಳು ಸತ್ತಾಗ ಯಾರ ಮರ್ಯಾದೆ ಹೋಯ್ತು ಭಾವ?"

ಸಂಜೆಯೊಳಗೆ ಅವಳ ಗುಡಿಸಲು ಉರಿದು ಬೂದಿಯಾಯಿತು. ಗಿಗ್ಮಾಯ್ ಮತ್ತೆ ಗೆದ್ದ.

ಒಟಿಲಿಯಾ ಎರಡು ದಿನ ನಡೆದು ಅಣ್ಣನ ಊರು ಸೇರಿದಳು. ಅಣ್ಣ ಗೆಣಸು ಸುಟ್ಟು ಕೊಟ್ಟ, ಮಲಗಲು ಜಾಗ ಕೊಟ್ಟ. ವೆಮಿನ್‌ಳ ಕೈ ಸೊಟ್ಟಗೆ ಕೂಡಿಕೊಂಡಿತೆಂದು ಆ ಕಡೆಯಿಂದ ಬಂದವರು ಹೇಳಿದರು. ಆ ರಾತ್ರಿ ಒಟಿಲಿಯಾಗೆ ಊಟ ಸೇರಲಿಲ್ಲ. ಮೊದಲ ಏಟಿಗೆ ಮುಂಚೆಯೇ ಎದ್ದಿದ್ದರೆ ಎಂಬುದೊಂದೇ ಯೋಚನೆ.

ಮುಂದಿನ ಚುನಾವಣೆಗೆ ಮತಪಟ್ಟಿ ಮಾಡುವವರು ಬಂದಾಗ ಅಣ್ಣ ಮೆಲ್ಲಗೆ ಹೇಳಿದ: "ನಿನ್ನ ಹೆಸರೂ ಸೇರಿಸ್ತೀನಿ ತಂಗಿ. ಆದರೆ ಇಲ್ಲಿ ಎಲ್ಲರ ಚೀಟಿ ಬರೆಯೋನು ನಾನೇ."