ಪೆಟ್ಟಿಗೆಗಲ್ಲ, ಮಗ್ಗಕ್ಕೆ

ಮಗ್ಗದ ಕಂಪನಿಯಿಂದ ಬಂದಿದ್ದ ವಿಕ್ರಾಂತ ಆರು ಲಕ್ಷ ಎಂದ ಕೂಡಲೇ ಗಂಡನ ಮುಖ ಅರಳಿದ್ದನ್ನು ಕಮರುನ್ನಿಸಾ ನೋಡಿದಳು. ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಬೋರಗಾಂವದಲ್ಲಿ ಇಪ್ಪತ್ತು ವರ್ಷ ಇಬ್ಬರೂ ದುಡಿದದ್ದು ಬೇರೆಯವರ ಪವರ್‌ಲೂಮ್ ಶೆಡ್ಡಿನಲ್ಲಿ. ಅವಳದು ನೇಯ್ಗೆ, ಜಾಫರಸಾಬನದು ರಿಪೇರಿ. ಆರು ಲಕ್ಷ ಬಂದರೆ ಸ್ವಂತದ ನಾಲ್ಕು ಹಳೆಯ ಮಗ್ಗ ಹಾಕಬಹುದಿತ್ತು.

ಆದರೆ ಮಾರಬೇಕಾದದ್ದು ಏನು? ಎಳೆ ಹರಿದ ಕ್ಷಣ ಮಗ್ಗ ನಿಲ್ಲಿಸುವ ಪೆಟ್ಟಿಗೆ! ಎಳೆ ಹರಿದರೆ ಮಗ್ಗದ ಸದ್ದು ಬದಲಾಗುತ್ತದೆಂದು ಕಿವಿಯಲ್ಲೇ ಹಿಡಿದವಳು ಅವಳು, ಅದನ್ನು ಯಂತ್ರಕ್ಕೆ ಕಲಿಸಿದವನು ಅವನು. ಪೇಟೆಂಟ್ ಇಬ್ಬರ ಹೆಸರಿನಲ್ಲೂ ಇತ್ತು.

"ಮಾರೂದಿಲ್ರಿ," ಎಂದಳು. "ಲೈಸೆನ್ಸ್ ಕೊಡ್ತೀವಿ, ರಾಯಲ್ಟಿ ಕೊಡ್ರಿ."

ವಿಕ್ರಾಂತ ನಕ್ಕ. "ಎರಡ ವರ್ಷಕ್ಕ ಇದು ಹಳೇದಾಗತೈತಿ, ಭಾಬಿ."

"ಹಳೇದಾಗೂದಕ್ಕ ಇವತ್ತ ಆರು ಲಕ್ಷ ಯಾಕ ಕೊಡಾಕತ್ತೀರಿ?"

ವಿಕ್ರಾಂತ ಬ್ಯಾಗಿಗೆ ಕೈಹಾಕಿ ಎರಡನೆಯ ಕಾಗದ ತೆಗೆದ. ನೋಡಿ ಮತ್ತೆ, ತಯಾರಾಗಿಯೇ ಬಂದಿದ್ದ ಭೂಪ! ಪೇಟೆಂಟ್ ಇರುವಷ್ಟು ಕಾಲ, ಮಾರಿದ ಪ್ರತಿ ಪೆಟ್ಟಿಗೆಗೆ ಮುನ್ನೂರು ರೂಪಾಯಿ ರಾಯಲ್ಟಿ ಎಂದು ಬರೆದಿತ್ತು.

ಜಾಫರಸಾಬ ಪೆನ್ನು ಹಿಡಿದ. ಕೆಲಸ ಆಯಿತೆಂಬ ಖುಷಿಯಲ್ಲಿ ವಿಕ್ರಾಂತನ ಬಾಯಿ ಸಡಿಲಾಯಿತು. "ಮುಂದಿನ ವರ್ಷ ಇದನ್ನ ಒಂದ ಎಲೆಕ್ಟ್ರಾನಿಕ್ ಚಿಪ್ಪಿನ್ಯಾಗ ಮಾಡಿಸಿ ಮಗ್ಗದ ಒಳಗ ಕೂಡಸ್ತೀವಿ, ಜಾಫರಭಾಯಿ. ಕಡ್ಲಿಬ್ಯಾಳಿಯಷ್ಟ ಇರತೈತಿ!"

"ಮತ್ತ ಪೆಟ್ಟಿಗಿ?" ಕಮರುನ್ನಿಸಾ ಕೇಳಿದಳು.

"ಆಮ್ಯಾಲೆ ಪೆಟ್ಟಿಗಿ ಯಾಕ ಬೇಕ್ರಿ?"

ಅವಳು ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡಳು. "ಮದಲ ನಮಗ ಮೀಟರಿನ ಲೆಕ್ಕದಾಗ ಮಜೂರಿ ಇತ್ರಿ. ಮಾಲಕರು ಎಳಿ ಹೆಚ್ಚ ಹಾಕಿಸಿ ಬಟ್ಟಿ ದಟ್ಟ ಮಾಡಿಸಿದ್ರು. ಕೆಲಸ ಒಂದೂವರಿಪಟ್ಟು, ಮಜೂರಿ ಮಾತ್ರ ಮದಲಿನಷ್ಟ! ಜಗಳಾಡಿ, ಲಾಳಿ ಎಷ್ಟ ಸಲ ಓಡತೈತೋ ಅಷ್ಟಕ್ಕ ಮಜೂರಿ ಮಾಡಿಸ್ಕೊಂಡ್ವಿ. ಇಲ್ಲೂ ಕಾಗದದಾಗ 'ಪೆಟ್ಟಿಗಿ' ಅನ್ನೂ ಮಾತ ಹೊಡದ ಹಾಕ್ರಿ. ನಮ್ಮ ವಿದ್ಯಾದಿಂದ ನಿಲ್ಲೂ ಮಗ್ಗ ಎಷ್ಟ ಮಾರ್ತೀರೋ ಅಷ್ಟಕ್ಕ ಬರೀರಿ. ಒಳಗ ಚಿಪ್ಪರ ಇರಲಿ, ಏನರ ಇರಲಿ."

ಕಂಪನಿಯ ಸಾಹೇಬರನ್ನು ಕೇಳಬೇಕೆಂದು ವಿಕ್ರಾಂತ ಫೋನು ಹಿಡಿದು ಹೊರಗೆ ಹೋದ. ಅರ್ಧ ತಾಸಾದರೂ ಒಳಗೆ ಬರಲಿಲ್ಲ.

"ಹ್ವಾದನಂದ್ರ?" ಜಾಫರಸಾಬ ಬಾಗಿಲಿಗೆ ಹೋಗಿ ಇಣುಕಿದ. "ನಾಕೂ ಮಗ್ಗ ಹ್ವಾದಂಗ."

"ಹೋಗೂದಿಲ್ಲ. ಅವಗ ಬೇಕಾಗೇತಿ," ಎಂದು ಅವಳು ಚಹಾಕ್ಕಿಟ್ಟಳು.

ವಿಕ್ರಾಂತ ಬಂದ. ಮುಖ ಗಂಟಿಕ್ಕಿಕೊಂಡೇ 'ಪೆಟ್ಟಿಗೆ' ಎಂಬ ಮಾತು ಹೊಡೆದುಹಾಕಿ, ಅವಳು ಹೇಳಿದಂತೆಯೇ ಬರೆದು, ಕಾಗದವನ್ನು ಜಾಫರಸಾಬನ ಮುಂದೆ ಸರಿಸಿದ.

ಜಾಫರಸಾಬ ಅದನ್ನು ಮುಟ್ಟಲಿಲ್ಲ. "ಮದಲ ಆಕಿ ಓದ್ಲಿ, ಸಾಹೇಬ್ರ. ಆಕಿ ಸಹಿ ಆದಮ್ಯಾಲೆ ನಂದು."