ಮಂಡಿಯೂ ಮಳೆಕಾಡೂ

ನಂಜನಗೂಡಿನಲ್ಲಿ ಗಂಗಾಧರಸ್ವಾಮಿಯ ಅಕ್ಕಿ ಮಂಡಿ ಭರ್ಜರಿಯಾಗಿ ನಡೆಯುತ್ತಿತ್ತು. ಹೆಂಡತಿ ಮಂಗಳಗೌರಿಯ ಮಂಡಿಗಳು ಮಾತ್ರ ಕೈಕೊಟ್ಟಿದ್ದವು. ನೆಲದ ಮೇಲೆ ಕೂತು ಉಂಡರೆ ಏಳುವಾಗ ಕಂಬ ಹಿಡಿಯಬೇಕು, ಜೊತೆಗೆ ನಂಜುಂಡೇಶ್ವರನನ್ನೂ ಕರೆಯಬೇಕು. "ರೀ, ಊಟಕ್ಕೊಂದು ಮೇಜು ಕುರ್ಚಿ ಮಾಡಿಸಿ" ಎಂದು ಕೇಳಿ ಕೇಳಿ ಅವಳ ನಾಲಿಗೆಯೂ ಸವೆದಿತ್ತು.

ಆದರೆ ಗಂಡ ಊರಿನ ಪರಿಸರ ಸಮಿತಿಯ ಅಧ್ಯಕ್ಷನಾಗಿಬಿಟ್ಟಿದ್ದ. "ಮನೆಗೊಂದು ಮೇಜು ಅಂದ್ರೆ ಕಾಡಿಗೊಂದು ಕೊಡಲಿ ಕಣೇ! ಮಳೆಕಾಡೆಲ್ಲ ಹಿಂಗೇ ಹಾಳಾಗಿರದು" ಎಂದು ತನ್ನ ಬೀಟೆ ಮರದ ಆರಾಮಕುರ್ಚಿಯಲ್ಲಿ ಒರಗಿಕೊಂಡೇ ಭಾಷಣ ಬಿಗಿಯುತ್ತಿದ್ದ. ಆ ಕುರ್ಚಿ ತಾತನ ಕಾಲದ್ದಂತೆ, ಅದರ ಪಾಪವೆಲ್ಲ ತಾತನ ಲೆಕ್ಕಕ್ಕಂತೆ. ಹೋಗಲಿ, ಪ್ಲಾಸ್ಟಿಕ್ ಕುರ್ಚಿ ತನ್ನಿ ಎಂದರೆ ಅದು ಭೂಮಿತಾಯಿಗೆ ವಿಷ. ಕಬ್ಬಿಣದ್ದು ಎಂದರೆ ಗಣಿಗಾರಿಕೆ. ಪರಿಸರಕ್ಕೆ ಕೇಡಿಲ್ಲದ ಆಸನವೆಂದು ಕೊನೆಗೆ ಉಳಿದದ್ದು ನೆಲ, ಅದೂ ಮಂಗಳಗೌರಿಯ ಪಾಲಿಗೆ. ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೂ ಕಂಬ ಹಿಡಿದು ಏಳುತ್ತಿದ್ದಳು.

ತೊಂಬತ್ತೆಂಟರ ವನಮಹೋತ್ಸವಕ್ಕೆ ಮೈಸೂರಿನಿಂದ ಐದು ಜನ ದೊಡ್ಡವರು ಬರುವುದೆಂದಾಯಿತು. ಊಟ ಅಧ್ಯಕ್ಷರ ಮನೆಯಲ್ಲಿ. ಹಿಂದಿನ ದಿನ ಟಿ. ನರಸೀಪುರದಿಂದ ಒಂದು ಟೆಂಪೊ ಬಂತು. ಇಳಿದದ್ದು ಆರು ಕುರ್ಚಿಯ ಡೈನಿಂಗ್ ಟೇಬಲ್! ಮಂಗಳಗೌರಿ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು.

"ಈಗ ಕಾಡು ಹಾಳಾಗಕಿಲ್ವಾ?"

"ಇದು ಬರ್ಮಾ ತೇಗು ಕಣೇ. ನಮ್ಮ ಕಾಡಿನ ಒಂದೆಲೆನೂ ಅಲ್ಲಾಡಿಲ್ಲ."

"ಬರ್ಮಾದಲ್ಲಿರದು ಕಾಡಲ್ವಾ?"

"ಅವರ ಕಾಡು, ಅವರು ನೋಡ್ಕತಾರೆ. ದೊಡ್ಡವರನ್ನ ನೆಲದ ಮೇಲೆ ಕೂರಿಸಕಾಯ್ತದಾ? ನೀನು ಮಾತ್ರ ಕೂತ್ಕಂಡೀಯ, ಪಾಲಿಶ್ ಹೋದಾತು. ಬಡಿಸು, ಸಾಕು."

ಮರುದಿನ ಅತಿಥಿಗಳು ಕೈ ತೊಳೆದು ಬರುವಷ್ಟರಲ್ಲಿ ಮಂಗಳಗೌರಿ ಎಲೆ ಹಾಕಿಕೊಂಡು ಮೊದಲ ಕುರ್ಚಿಯಲ್ಲಿ ಕೂತಿದ್ದಳು. ಉಳಿದ ಐದರಲ್ಲಿ ಐವರು ಕೂತರು. ಅಧ್ಯಕ್ಷರಿಗೇ ಕುರ್ಚಿಯಿಲ್ಲ. ಗಂಗಾಧರಸ್ವಾಮಿ ಹಲ್ಲು ಕಚ್ಚಿಕೊಂಡು ಅವಳ ಕಿವಿಯ ಹತ್ತಿರ ಬಗ್ಗಿ, "ಏಳೇ, ನೆಂಟರಿಗೆ ಬಡಿಸೋರ್ಯಾರು?" ಎಂದ.

"ನಿಮ್ಮ ನೆಂಟರು, ನೀವೇ ನೋಡ್ಕಳಿ."

ಅಧ್ಯಕ್ಷರು ಸೌಟು ಹಿಡಿದರು. ಮಂಗಳಗೌರಿ ಗಂಡನ ಕೈಯಿಂದಲೇ ಎರಡೆರಡು ಸಲ ಪಾಯಸ ಹಾಕಿಸಿಕೊಂಡು, ಕಂಬದ ಹಂಗಿಲ್ಲದೆ ಎದ್ದು, ಮನೆಯೆಲ್ಲ ಕೇಳುವಂತೆ ತೇಗಿದಳು. ಆ ಮನೆಗೆ ಕಾಡು ಕಡಿಯದೆ ಬಂದ ತೇಗು ಅದೊಂದೇ.